ಟೊಮೆಟೊ ಗಿಡಕ್ಕೆ ಯಾರ ದೃಷ್ಟಿಯೂ ತಾಗಿಲ್ಲ

ಜನವರಿ ಬಂತೆಂದರೆ ಚೆಂಬೂರಿನ ನಮ್ಮ ಕಟ್ಟಡದಲ್ಲಿ ನನ್ನ ಮನೆಗೆ ಎಲೆಗಳು ಬರತೊಡಗುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ, ಪುಸ್ತಕದ ಹಾಳೆಗಳ ನಡುವೆ, ಕೆಲವೊಮ್ಮೆ ಮೊಬೈಲಿನ ಚಿತ್ರವಾಗಿ. ಮಳೆಗಾಲ ಮುಗಿದ ಮೇಲೆ ಬಾಲ್ಕನಿಯ ಕುಂಡಗಳಲ್ಲಿ ನೆಟ್ಟ ಟೊಮೆಟೊ, ಮೆಣಸಿನ ಗಿಡಗಳಲ್ಲಿ ಕಾಯಿ ಬಲಿಯುವ ಹೊತ್ತು ಅದು. ಸರಿಯಾಗಿ ಅದೇ ಹೊತ್ತಿಗೆ ಎಲೆ ಹಳದಿಯಾಗುತ್ತದೆ, ಸುಡುತ್ತದೆ, ಮುದುಡುತ್ತದೆ. ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದವನೆಂದು ಎಲ್ಲರೂ ನನ್ನನ್ನು ಕೇಳುತ್ತಾರೆ.

ಈ ವರ್ಷ ಮೂರನೆಯ ಮಹಡಿಯ ಅಕ್ಕ ಬಂದರು. ಕುಂದಾಪುರದ ಕಡೆಯವರು. ಅವರ ಟೊಮೆಟೊ ಗಿಡದಲ್ಲಿ ಒಂಬತ್ತು ಕಾಯಿಗಳಿದ್ದವು. ಬುಡದ ನಾಲ್ಕು ಎಲೆಗಳು ಅರಿಸಿನ ಬಣ್ಣಕ್ಕೆ ತಿರುಗಿದ್ದವು. ಶನಿವಾರ ಕೊಂಡ ನಿಂಬೆಹಣ್ಣು, ಮೆಣಸಿನಕಾಯಿಯ ಸರವನ್ನು ಆಗಲೇ ಬಾಲ್ಕನಿಯ ಸರಳಿಗೆ ಕಟ್ಟಿಯಾಗಿತ್ತು. ಅದನ್ನು ನಾನು ಕಂಡೂ ಸುಮ್ಮನಿದ್ದೆ. ಆದರೆ ಅವರು ದನಿ ತಗ್ಗಿಸಿ, "ಮಗಳು ಆ ಮೂರು ದಿನ ಗಿಡ ಮುಟ್ಟಿದ್ದಾಳೆ ಮಾಸ್ತರೇ, ಇನ್ನು ಕುಂಡದ ಹತ್ತಿರ ಹೋಗಬೇಡ ಎಂದಿದ್ದೇನೆ" ಎಂದಾಗ ಸುಮ್ಮನಿರಲಾಗಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿ ಅವಳು. ಆ ಗಿಡವನ್ನು ಬೀಜದಿಂದ ಬೆಳೆಸಿದವಳೂ ಅವಳೇ.

ಈ ನಂಬಿಕೆ ನಮ್ಮ ಅಜ್ಜಿಯರದ್ದು ಮಾತ್ರವಲ್ಲ. ಡಿಫ್ತೀರಿಯಾ ಪರೀಕ್ಷೆಯೊಂದಕ್ಕೆ ತನ್ನ ಹೆಸರನ್ನೇ ಕೊಟ್ಟ ಪ್ರಸಿದ್ಧ ವೈದ್ಯ ಬೇಲಾ ಶಿಕ್ 1920ರಲ್ಲಿ ಮುಟ್ಟಿನ ವಿಷ ಎಂಬ ವಿಷಯದ ಮೇಲೆ ಒಂದು ಪ್ರಬಂಧವನ್ನೇ ಪ್ರಕಟಿಸಿದ. ಮುಟ್ಟಾಗಿದ್ದ ಮನೆಗೆಲಸದಾಕೆಯ ಕೈಗೆ ಕೊಟ್ಟ ಹೂಗಳು ಬೇಗ ಬಾಡಿದವು ಎಂಬುದೇ ಅದರ ಬೀಜ. ಅದರ ಬೆನ್ನು ಹತ್ತಿ ಹಲವರು ವರ್ಷಗಟ್ಟಲೆ ಪ್ರಯೋಗ ಮಾಡಿದರು. ಅಂಥ ವಿಷವನ್ನು ಯಾರೂ ಬೇರ್ಪಡಿಸಿ ತೋರಿಸಲಿಲ್ಲ. ವಿಜ್ಞಾನ ಆ ಮಾತನ್ನು ಕೈಬಿಟ್ಟಿತು. ಹೂ ಬಾಡಲು ನೂರು ಕಾರಣಗಳಿವೆ. ಅವುಗಳಲ್ಲಿ ಯಾವುದು ಎಂದು ಹುಡುಕುವ ಮೊದಲೇ ಮನೆಯ ಹೆಣ್ಣುಮಗಳತ್ತ ಬೆರಳು ಹೋಯಿತಲ್ಲ, ನನ್ನನ್ನು ಕಾಡುವುದು ಅದು. ನೂರು ವರ್ಷದ ಮೇಲೆ ಚೆಂಬೂರಿನಲ್ಲೂ ಬೆರಳು ಅತ್ತಲೇ ಹೋಗಿದೆ.

ಹಾಗಾದರೆ ಆ ನಾಲ್ಕು ಎಲೆಗಳಿಗೆ ಏನಾಗಿತ್ತು? ಉತ್ತರ ಬಣ್ಣದಲ್ಲಿಲ್ಲ, ಜಾಗದಲ್ಲಿದೆ. ಕೆಟ್ಟಿರುವುದು ಬುಡದ ಹಳೆಯ ಎಲೆಯೋ, ತುದಿಯ ಎಳೆಯ ಎಲೆಯೋ? ಎಲೆ ನೋಡುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಗಿಡದೊಳಗೆ ಸರಕು ಸಾಗಿಸುವ ಎರಡು ದಾರಿಗಳಿವೆ. ಕ್ಸೈಲಂ ಬೇರಿನಿಂದ ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಮೇಲಕ್ಕೆ ಒಯ್ಯುತ್ತದೆ. ಫ್ಲೋಯಂ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇಕಾದ ಕಡೆಗೆ, ಮೇಲಕ್ಕಾಗಲಿ ಕೆಳಕ್ಕಾಗಲಿ, ಹಂಚುತ್ತದೆ. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಷಿಯಂ ಈ ಎರಡನೆಯ ದಾರಿಯಲ್ಲೂ ಸರಾಗವಾಗಿ ಓಡಾಡುತ್ತವೆ. ಆದ್ದರಿಂದ ಅವುಗಳ ಕೊರತೆ ಬಿದ್ದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಹಳದಿ ಬುಡದಲ್ಲಿ ಕಾಣುತ್ತದೆ. ಕ್ಯಾಲ್ಸಿಯಂ ಹಾಗಲ್ಲ, ಒಮ್ಮೆ ಕೂತ ಎಲೆಯನ್ನು ಬಿಟ್ಟು ಏಳುವುದಿಲ್ಲ. ಕಬ್ಬಿಣವೂ ಬಹುಮಟ್ಟಿಗೆ ಹಾಗೆಯೇ. ಇವುಗಳ ಕೊರತೆ ತುದಿಯ ಎಳೆಯ ಎಲೆಯಲ್ಲಿ ಮೊದಲು ಕಾಣುತ್ತದೆ.

ಇದು ಊಹೆಯಲ್ಲ, ಬೆನ್ನು ಹತ್ತಿ ನೋಡಿದ ಸಂಗತಿ. 1923ರಲ್ಲಿ ಜಾರ್ಜ್ ಹೆವೆಸಿ ಎಂಬ ರಸಾಯನ ವಿಜ್ಞಾನಿ ಹುರುಳಿ ಜಾತಿಯ ಗಿಡಗಳ ಬೇರುಗಳನ್ನು ವಿಕಿರಣಶೀಲ ಸೀಸದ ದ್ರಾವಣದಲ್ಲಿಟ್ಟು, ಅದು ಗಿಡದ ಯಾವ ಭಾಗಕ್ಕೆ ಎಷ್ಟು ಹೋಯಿತೆಂದು ಅಳೆದ. ಜೀವಿಯೊಂದರೊಳಗೆ ಪರಮಾಣುಗಳಿಗೆ ಗುರುತು ಕಟ್ಟಿ ಹಿಂಬಾಲಿಸಿದ್ದು ಅದೇ ಮೊದಲು. ಇಂಥ ಕೆಲಸಕ್ಕಾಗಿ 1943ರ ನೊಬೆಲ್ ಪ್ರಶಸ್ತಿ ಅವನಿಗೆ ಬಂತು. ಮುಂದೆ ವಿಕಿರಣಶೀಲ ರಂಜಕ, ಕ್ಯಾಲ್ಸಿಯಂ ಬಳಸಿ ಇದೇ ಬಗೆಯ ಪ್ರಯೋಗ ಮಾಡಿದಾಗ ರಂಜಕ ಎಲೆಯಿಂದ ಎಲೆಗೆ ತಿರುಗಾಡಿತು, ಕ್ಯಾಲ್ಸಿಯಂ ತಳವೂರಿ ಕೂತಿತು. ಟ್ರಾಂಬೆಯ ಭಾಭಾ ಅಣು ಸಂಶೋಧನ ಕೇಂದ್ರದ ಪಕ್ಕದಲ್ಲೇ ಬದುಕುವ ನಮ್ಮ ಬಡಾವಣೆಯ ಮಕ್ಕಳಿಗೆ ನಾನು ಈ ಕಥೆಯನ್ನು ಹೇಳದೆ ಬಿಟ್ಟದ್ದಿಲ್ಲ. ಪರಮಾಣು ಎಂದರೆ ಬಾಂಬು ಎಂದಷ್ಟೇ ಅವರಿಗೆ ಗೊತ್ತಿರುತ್ತದೆ.

ಈಗ ಅಕ್ಕನ ಗಿಡಕ್ಕೆ ಬರೋಣ. ಒಂಬತ್ತು ಕಾಯಿಗಳಿಗೆ, ಅವುಗಳೊಳಗಿನ ನೂರಾರು ಬೀಜಗಳಿಗೆ ಪ್ರೋಟೀನು ಬೇಕು. ಪ್ರೋಟೀನಿಗೆ ಸಾರಜನಕ ಬೇಕು. ಕುಂಡದ ಹಿಡಿ ಮಣ್ಣಿನಲ್ಲಿ ಅಷ್ಟು ಎಲ್ಲಿಂದ ಬರಬೇಕು? ಆದರೆ ಹಳೆಯ ಎಲೆಯೊಳಗೆ ಖಜಾನೆಯೇ ಇದೆ. ಇಂಥ ಗಿಡಗಳ ಎಲೆಯಲ್ಲಿರುವ ಸಾರಜನಕದ ಮುಕ್ಕಾಲರಷ್ಟು, ಆಹಾರ ತಯಾರಿಸುವ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳೊಳಗಿನ ಪ್ರೋಟೀನುಗಳಲ್ಲಿರುತ್ತದೆ. ಗಾಳಿಯ ಇಂಗಾಲವನ್ನು ಹಿಡಿಯುವ ರೂಬಿಸ್ಕೋ ಎಂಬ ಒಂದೇ ಕಿಣ್ವಕ್ಕೆ ಅದರಲ್ಲಿ ದೊಡ್ಡ ಪಾಲು. ನೆರಳಿಗೆ ಬಿದ್ದ ಬುಡದ ಎಲೆಯಲ್ಲಿ ಆ ಕಿಣ್ವಕ್ಕೆ ಕೆಲಸವೂ ಕಡಿಮೆ. ಗಿಡ ಅದನ್ನು ಬಿಚ್ಚಿ, ಅಮೈನೋ ಆಮ್ಲಗಳನ್ನಾಗಿ ಮಾಡಿ, ಫ್ಲೋಯಂಗೆ ತುಂಬಿ ಕಾಯಿಗೆ ಕಳಿಸುತ್ತದೆ. ಮಗಳ ಮದುವೆಗೆಂದು ತಾಯಿ ತನ್ನ ಹಳೆಯ ಬಳೆಗಳನ್ನು ಕರಗಿಸಿ ಹೊಸ ಸರ ಮಾಡಿಸುವುದಿಲ್ಲವೇ, ಹಾಗೆ. ಊರಿನ ಹಳೆಯ ಮನೆ ಬಿಚ್ಚುವಾಗ ಹೆಂಚು, ತೊಲೆ, ಬಾಗಿಲುವಾಡಗಳನ್ನು ಜೋಪಾನವಾಗಿ ಇಳಿಸಿ ಹೊಸ ಮನೆಗೆ ಒಯ್ಯುವಂತೆ ಎಂದರೂ ಸರಿಯೇ.

ಆದರೆ ಹಸಿರು ಏಕೆ ಹೋಗಬೇಕು? ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಆ ಪ್ರೋಟೀನನ್ನು ಬಿಚ್ಚಿದರೆ ಪತ್ರಹರಿತ್ತು ಬಿಡಿಯಾಗುತ್ತದೆ. ಬಿಡಿಯಾದ ಪತ್ರಹರಿತ್ತು ಅಪಾಯಕಾರಿ: ಬಿಸಿಲನ್ನು ಹೀರುವುದನ್ನು ಅದು ಬಿಡುವುದಿಲ್ಲ, ಹೀರಿದ ಶಕ್ತಿಗೆ ಹೋಗುವ ದಾರಿಯಿರುವುದಿಲ್ಲ, ಅದು ಆಮ್ಲಜನಕವನ್ನು ಕೆರಳಿಸಿ ಜೀವಕೋಶವನ್ನೇ ಸುಟ್ಟುಬಿಡಬಲ್ಲುದು. ಮುಂಬಯಿಯಲ್ಲಿ ಹಳೆಯ ಚಾಳು ಕೆಡವುವುದನ್ನು ನೋಡಿದ್ದೀರಲ್ಲ? ಗೋಡೆಗೆ ಕೈಹಾಕುವ ಮೊದಲು ವಿದ್ಯುತ್ ಸಂಪರ್ಕ ಕಡಿಯುತ್ತಾರೆ. ಗಿಡವೂ ಹಾಗೆಯೇ ಪತ್ರಹರಿತ್ತಿನ ನಡುವಿನ ಮೆಗ್ನೀಷಿಯಂ ಪರಮಾಣುವನ್ನು ಮೊದಲು ಕಿತ್ತು, ಅದರ ಸುತ್ತಲಿನ ಪರಮಾಣುಗಳ ಉಂಗುರವನ್ನು ಕತ್ತರಿಸಿ, ಬಣ್ಣವಿಲ್ಲದ ನಿರಪಾಯ ತುಣುಕುಗಳನ್ನಾಗಿ ಮಾಡಿ ಜೀವಕೋಶದೊಳಗಿನ ರಸ ತುಂಬಿದ ಚೀಲವಾದ ರಸದಾನಿಯಲ್ಲಿ ಕೂಡಿಡುತ್ತದೆ. ಪತ್ರಹರಿತ್ತಿನೊಳಗಿನ ನಾಲ್ಕು ಸಾರಜನಕ ಪರಮಾಣುಗಳನ್ನು ಗಿಡ ಅಲ್ಲೇ ಬಿಟ್ಟುಹೋಗುತ್ತದೆ. ಅಂದರೆ ಹಸಿರನ್ನು ಒಡೆಯುವುದು ಅದರಲ್ಲಿರುವ ಸಾರಜನಕದ ಆಸೆಗಲ್ಲ. ಉಳಿದ ಸಂಪತ್ತನ್ನು ಬೆಂಕಿ ಬೀಳದಂತೆ ಸಾಗಿಸುವುದಕ್ಕೆ. ಹಳದಿಯೂ ಹೊಸದಾಗಿ ಬಂದ ಬಣ್ಣವಲ್ಲ. ಕ್ಯಾರೊಟಿನಾಯ್ಡುಗಳ ಆ ಬಣ್ಣ ಎಲೆಯಲ್ಲಿ ಮೊದಲಿನಿಂದಲೂ ಇತ್ತು. ಹಸಿರು ಸರಿದಾಗ ಕಂಡಿತು, ಅಷ್ಟೆ.

ಹೀಗೆ ಅಚ್ಚುಕಟ್ಟಾಗಿ ನಡೆಯುವ ಕೆಲಸವನ್ನು ರೋಗವೆಂದು ತಿಳಿದು ಜನ ಯೂರಿಯಾ ಸುರಿಯುತ್ತಾರೆ. ಹಣ್ಣಾಗುವ ಹೊತ್ತಿನಲ್ಲಿ ಸಾರಜನಕ ಸುರಿದರೆ ಗಿಡ ಮತ್ತೆ ಚಿಗುರಲು ಹೊರಡುತ್ತದೆ, ಹಣ್ಣು ಹಿಂದೆ ಬೀಳುತ್ತದೆ. ಇದಕ್ಕಿಂತ ಕೆಟ್ಟದ್ದು ನೀರು ಸುರಿಯುವುದು. ನೀರಿನಲ್ಲಿ ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಸದಾ ಒದ್ದೆಯಿರುವ ಕುಂಡದಲ್ಲಿ ಬೇರು ಉಸಿರುಗಟ್ಟುತ್ತದೆ, ನೀರು ಹೀರಲಾರದೆ ಗಿಡ ಬಾಡುತ್ತದೆ; ಬಾಡಿತೆಂದು ನಾವು ಮತ್ತೆ ನೀರು ಹಾಕುತ್ತೇವೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿದರೆ ಸಾಕು, ತಿಳಿಯುತ್ತದೆ.

ಎಲ್ಲ ಹಳದಿಯೂ ಸಹಜವೆಂದು ನಾನು ಹೇಳುತ್ತಿಲ್ಲ. ಹಳೆಯ ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾದರೆ ಮೆಗ್ನೀಷಿಯಂ ಸಾಲದು. ನಮ್ಮ ಟ್ರಾಂಬೆಯಲ್ಲೇ ತಯಾರಾಗುವ ಸುಫಲಾ ಗೊಬ್ಬರದ ಚೀಲದ ಮೇಲಿನ 15:15:15 ಎಂಬ ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷ್‌ಗಳ ಲೆಕ್ಕ. ಮೆಗ್ನೀಷಿಯಂ ಆ ಲೆಕ್ಕದಲ್ಲಿಲ್ಲ. ಅದೇ ಚಿತ್ರ ತುದಿಯ ಎಳೆಯ ಎಲೆಯಲ್ಲಿ ಕಂಡರೆ ಕಬ್ಬಿಣದ ಕೊರತೆ. ಫ್ರಾನ್ಸಿನ ಯೂಸೆಬ್ ಗ್ರಿ 1840ರ ದಶಕದಲ್ಲೇ ಕಬ್ಬಿಣದ ಲವಣ ಕೊಟ್ಟು ಹಳದಿ ಎಲೆಗಳನ್ನು ಹಸಿರಾಗಿಸಿ ತೋರಿಸಿದ್ದ. ಎಲೆಯ ಅಂಚು ಸುಟ್ಟು, ಕುಂಡದ ಮೇಲೆ ಬಿಳಿ ಉಪ್ಪಿನ ಪದರ ಕಂಡರೆ ಗೊಬ್ಬರ ಹೆಚ್ಚಾಗಿದೆ. ಟೊಮೆಟೊ ಹಣ್ಣಿನ ತಳ ಕಪ್ಪಾಗಿ ಕುಗ್ಗಿದರೆ ಹಣ್ಣಿಗೆ ಕ್ಯಾಲ್ಸಿಯಂ ತಲುಪಿಲ್ಲ. ಮಣ್ಣಿನಲ್ಲಿ ಅದು ಸಾಕಷ್ಟಿದ್ದರೂ ಒಂದು ದಿನ ನೀರು, ಮೂರು ದಿನ ಒಣಗು ಎಂಬಂತೆ ಸಾಕಿದರೆ ಹೀಗಾಗುತ್ತದೆ.

ಮೆಣಸಿನ ಗಿಡದ ಎಲೆ ಮುದುಡುವ ಮುಟುರು ರೋಗದ ಮುಂದೆಯೇ ದೃಷ್ಟಿ ತೆಗೆಯುವವರು ಹೆಚ್ಚು. ಎಲೆ ಮೇಲ್ಮುಖವಾಗಿ ಮಡಚಿಕೊಂಡಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟ, ಕೆಳಮುಖವಾಗಿ ಕವುಚಿ ಹಾಕಿದ ದೋಣಿಯಂತಿದ್ದರೆ ನುಸಿ ಎಂದು ಮೊದಲು ಶಂಕಿಸಬೇಕು. ಬಿಳಿನೊಣ ಹರಡುವ ವೈರಸ್ಸಿನಿಂದಲೂ ಎಲೆ ಮುರುಟುತ್ತದೆ. ಬಿಳಿ ಕಾಗದದ ಮೇಲೆ ಎಲೆಯನ್ನು ತಟ್ಟಿ, ಉದುರಿದ ಚುಕ್ಕೆಗಳು ನಡೆದಾಡುತ್ತವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ದೃಷ್ಟಿ ತಾಗಿಸಿದ್ದು ಆ ಹುಳುಗಳೇ. ಬೇವಿನ ಎಣ್ಣೆಯನ್ನು ಸಾಬೂನು ನೀರಿನಲ್ಲಿ ಕಲಸಿ ಸಂಜೆಯ ಹೊತ್ತು ಎಲೆಯ ಅಡಿಗೆ ಸಿಂಪಡಿಸಿದರೆ ಅವು ಹತೋಟಿಗೆ ಬರುತ್ತವೆ. ವೈರಸ್ಸು ತಗಲಿದ ಗಿಡಕ್ಕೆ ಮಾತ್ರ ಮದ್ದಿಲ್ಲ, ಕಿತ್ತುಹಾಕಬೇಕು.

ಅಕ್ಕನ ಬಾಲ್ಕನಿಗೆ ಹೋಗಿ ನಾನು ಇಷ್ಟನ್ನೂ ಆ ಹುಡುಗಿಗೇ ಹೇಳಿದೆ, ಅಮ್ಮನ ಎದುರಿಗೇ. ಎಲೆಯ ಮೇಲೆ ವರ್ತುಲದೊಳಗೆ ವರ್ತುಲವಿರುವ ಕಂದು ಚುಕ್ಕೆಗಳಿವೆಯೇ ಎಂದು ಅವಳೇ ತಿರುವಿ ನೋಡಿದಳು. ಇದ್ದಿದ್ದರೆ ಅದು ಅಂಗಮಾರಿ ರೋಗ, ಆ ಎಲೆಯನ್ನು ಕೂಡಲೇ ಕಿತ್ತೆಸೆಯಬೇಕಿತ್ತು. ಇರಲಿಲ್ಲ. ತುದಿಯ ಚಿಗುರು ಹಸಿರಾಗಿತ್ತು, ಕಾಯಿಗಳು ಗಟ್ಟಿಯಾಗಿದ್ದವು. ಹಳದಿ ಎಲೆಯನ್ನು ಕತ್ತರಿಸಲೇ ಎಂದು ಕೇಳಿದಳು. ಬೇಡ, ಸಾಗಣೆ ಇನ್ನೂ ಮುಗಿದಿಲ್ಲ ಎಂದೆ. ಸಾಗಣೆ ಮುಗಿದ ಮೇಲೆ ತೊಟ್ಟಿನ ಬುಡ ತಾನೇ ಸಡಿಲವಾಗುತ್ತದೆ. ಹತ್ತು ದಿನದ ಮೇಲೆ ಅವಳ ಬೆರಳು ತಾಗಿದ್ದೇ ತಡ, ಮೊದಲ ಎಲೆ ಕಳಚಿ ಕೈಗೆ ಬಂತಂತೆ. ಅದನ್ನು ಹಾಳೆಗಳ ನಡುವೆ ಇಟ್ಟು ನನಗೆ ತಂದು ತೋರಿಸಿದಳು.