ಮಗನೋ ಮಗಳೋ, ತಾಯಿ ಕಣಜದ ಲೆಕ್ಕ

ಟ್ರೂವೆಲೋ ಎಂಬ ಫ್ರೆಂಚ್ ಕಲಾವಿದನಿಗೆ ರೇಷ್ಮೆಯ ಹುಚ್ಚು. 1869ರ ಸುಮಾರಿಗೆ ಅಮೆರಿಕದ ಮೆಡ್‌ಫರ್ಡ್‌ನ ತನ್ನ ಮನೆಗೆ ಯುರೋಪಿನ ಪತಂಗವೊಂದನ್ನು ತರಿಸಿಕೊಂಡ. ಕೆಲವು ತಪ್ಪಿಸಿಕೊಂಡವು. ಇಪ್ಪತ್ತು ವರ್ಷದಲ್ಲಿ ಅದರ ಕಂಬಳಿಹುಳುಗಳು ಊರಿನ ಮರಗಳನ್ನೆಲ್ಲ ಬೋಳು ಮಾಡಿಟ್ಟವು.

ಈ ಪತಂಗ ನೂರಾರು ಮೊಟ್ಟೆಗಳನ್ನು ಒಂದೇ ಗುಡ್ಡೆಯಾಗಿ ಇಟ್ಟು, ಮೇಲೆ ತನ್ನ ಮೈಯ ರೋಮ ಹೊದಿಸುತ್ತದೆ. ನೋಡಲು ಥೇಟ್ ಸ್ಪಾಂಜು. 1908ರ ಹೊತ್ತಿಗೆ ಆ ಮೊಟ್ಟೆಗಳಿಗೆಂದೇ ಜಪಾನಿನಿಂದ ಊಎನ್ಸಿರ್ಟಸ್ ಎಂಬ ಪುಟ್ಟ ಕಣಜವನ್ನು ತರಿಸಿದರು. ಅದು ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಮರಿ ಒಳಗಿನದನ್ನೆಲ್ಲ ತಿಂದು, ಅಲ್ಲೇ ಬೆಳೆದು, ತೂತು ಕೊರೆದು ಹೊರಬರುತ್ತದೆ. ಆದರೆ ಮೊಟ್ಟೆ ಇಡುವ ಅದರ ಕೊಳವೆ ಗಿಡ್ಡ. ಗುಡ್ಡೆಯ ತಳಕ್ಕೆ ತಲುಪುವುದಿಲ್ಲ. ಹಾಗಾಗಿ ಮೇಲಿನ ಪದರದ ಮೊಟ್ಟೆಗಳಷ್ಟೇ ಸಿಗುತ್ತವೆ!

ಇಂಥ ಕಣಜಗಳಲ್ಲಿ ಹೆಣ್ಣೇ ಜಾಸ್ತಿ. ಯಾಕೆ? ಅರ್ಧ ಉತ್ತರ ಜೇನುಗೂಡಿನಿಂದ ಬಂದಿತ್ತು. ಗಂಡು ಜೇನು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ ಎಂದು ಪಾದ್ರಿ ಡ್ಜಿಯೆರ್ಜೋನ್ 1845ರಲ್ಲೇ ಹೇಳಿದ್ದರು. ಕಣಜದಲ್ಲೂ ಇದೇ ಕತೆ. ತಾಯಿ ಒಮ್ಮೆ ಕೂಡಿ ವೀರ್ಯವನ್ನು ಚೀಲದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮೊಟ್ಟೆಗೆ ವೀರ್ಯ ಬಿಟ್ಟರೆ ಮಗಳು, ಬಿಡದಿದ್ದರೆ ಮಗ.

ಉಳಿದರ್ಧ ಉತ್ತರ ಕೊಟ್ಟವರು 1967ರಲ್ಲಿ ಜೀವವಿಜ್ಞಾನಿ ಹ್ಯಾಮಿಲ್ಟನ್. ಒಂದೇ ಜಾಗದಲ್ಲಿ ಹುಟ್ಟಿದ ಅಣ್ಣತಮ್ಮಂದಿರು ಅಲ್ಲೇ ಅಕ್ಕತಂಗಿಯರನ್ನು ಕೂಡುತ್ತಾರೆ. ಹಾಗಿದ್ದಾಗ ಗಂಡುಮಕ್ಕಳ ದಂಡು ಯಾಕೆ? ಒಂದಿಬ್ಬರು ಸಾಕಲ್ವಾ? ಕೇಳಲು ವಿಚಿತ್ರ, ಲೆಕ್ಕ ಮಾತ್ರ ಸರಿಯಾಗಿದೆ.

ಚೀನಾದ ಪೈನ್ ಕಾಡುಗಳಲ್ಲಿ ಪತಂಗದ ಮೊಟ್ಟೆಗಳ ಮೇಲೆ ಬಿಡುವ ಟ್ರೈಕೊಗ್ರಾಮ ಎಂಬ ಪುಟ್ಟ ಕಣಜಗಳ ಬಳಗ ಇನ್ನೂ ಒಗಟಿನದು. ಈ ಬಳಗದ ಕೆಲವು ತಳಿಗಳಲ್ಲಿ ಗಂಡೇ ಇರಲಿಲ್ಲ. ಕೂಡದೆಯೇ ತಾಯಿ ಬರೀ ಹೆಣ್ಣುಗಳನ್ನೇ ಹೆರುತ್ತಿತ್ತು. 1990ರಲ್ಲಿ ವಿಜ್ಞಾನಿ ಸ್ಟೌಟ್‌ಹ್ಯಾಮರ್ ಮತ್ತು ಸಂಗಡಿಗರು ಅವಕ್ಕೆ ಆ್ಯಂಟಿಬಯೋಟಿಕ್ ತಿನ್ನಿಸಿದರು. ಗಂಡು ಹುಟ್ಟಿಬಿಟ್ಟವು! ಅಷ್ಟು ದಿನ ಆಟ ಆಡಿಸುತ್ತಿದ್ದದ್ದು ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯ. ಅದು ತಾಯಿಯಿಂದ ಮೊಟ್ಟೆಯ ಮೂಲಕವೇ ದಾಟುತ್ತದೆ. ಗಂಡಿನಿಂದ ಅದಕ್ಕೆ ಏನೂ ಲಾಭವಿಲ್ಲ. ಹಾಗಾಗಿ ಫಲಿತವಾಗದ ಮೊಟ್ಟೆಯಲ್ಲಿ ಕ್ರೋಮೋಸೋಮುಗಳು ಫಲಿತ ಮೊಟ್ಟೆಯಲ್ಲಿರುವಷ್ಟೇ ಆಗುವಂತೆ ಇಮ್ಮಡಿ ಮಾಡಿ, ಮಗನಾಗಬೇಕಿದ್ದದ್ದನ್ನು ಮಗಳಾಗಿಸುತ್ತದೆ.

ಬ್ಯಾಕ್ಟೀರಿಯ ಬಹುಕಾಲ ನೆಲೆಸಿದ ಕೆಲವು ತಳಿಗಳಲ್ಲಿ, ಔಷಧಿ ಕೊಟ್ಟು ಗಂಡು ಹುಟ್ಟಿಸಿದರೂ ಪ್ರಯೋಜನವಿಲ್ಲ. ಗಂಡಿನ ಜೊತೆ ಕೂಡಿ ಮಗಳನ್ನು ಪಡೆಯುವುದನ್ನೇ ಆ ಹೆಣ್ಣುಗಳು ಮರೆತಿರುತ್ತವೆ.