ತಂತಿಯ ಸಿಪ್ಪೆಯಲ್ಲಿ ಓಡೋ ಕರೆಂಟು

ಕಬ್ಬಿಣದ ಬೀರು ಪಕ್ಕ ನಿಂತು ಫೋನಿನ ದಿಕ್ಸೂಚಿ ನೋಡಿ ದೇವರ ಮನೆ ಈಶಾನ್ಯಕ್ಕಿದೆಯೋ ಇಲ್ವೋ ಅಂತ ತೀರ್ಮಾನ ಮಾಡೋರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ, ಎರಡು ಹೆಜ್ಜೆ ಆಚೆ ಸರಿದ್ರೆ ಈಶಾನ್ಯಾನೇ ಬೇರೆ ಕಡೆ ಹೋಗಿರುತ್ತೆ. ತಪ್ಪು ಸೆನ್ಸರ್‌ದಲ್ಲ ಮಾರಾಯ್ರೇ, ಅದು ಭೂಮಿ ಜೊತೆ ಬೀರೂನೂ ಸೇರಿಸಿ ಅಳೀತಿದೆ. ಬೆಂಗಳೂರಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ, ಅಷ್ಟೇ. 1.5 ಟೆಸ್ಲಾದ ಎಂಆರ್‌ಐ ಅದರ 37 ಸಾವಿರ ಪಟ್ಟು, ಅದರೊಳಗೆ ಮಲಗಿ ಎದ್ದು ಬಂದವರಿಗೇ ರಕ್ತ ತಲೆಗೇರಿಲ್ಲ, ಇನ್ನು ಉತ್ತರಕ್ಕೆ ತಲೆ ಹಾಕಿ ಮಲಗಿದ್ರೆ ಭೂಮಿಯ ಕಾಂತದಿಂದ ರಕ್ತ ತಲೆಗೇರುತ್ತೆ ಅಂತಾರಲ್ಲ, ಏರುತ್ತಾ? ಅದಿರ್ಲಿ ಬಿಡಿ.

ಇಷ್ಟು ಪುಟ್ಟ ಕ್ಷೇತ್ರಾನ ಕೂದಲಿಗಿಂತ ತೆಳ್ಳಗಿರೋ ಒಂದು ತುಂಡು ತಂತಿ ಗುರುತು ಹಿಡಿಯುತ್ತೆ. ಫೋನುಗಳಲ್ಲಿ ಹಾಲ್ ಸೆನ್ಸರ್ ಅನ್ನೋ ಬೇರೆ ಬಗೆಯ ಕಾಂತ ಸೆನ್ಸರ್‌ಗಳೇ ಜಾಸ್ತಿ, ಆದ್ರೆ ಜಪಾನಿನ ಐಚಿ ಸ್ಟೀಲ್ ಈ ತಂತಿಯ ಸೆನ್ಸರ್‌ಗಳನ್ನೂ ಮಾಡಿ ಮಾರಿದೆ. ತಂತಿಯ ಈ ಗುಟ್ಟಿನ ಹೆಸರು ಜೈಂಟ್ ಮ್ಯಾಗ್ನೆಟೋ ಇಂಪೀಡೆನ್ಸ್, ಅಂದ್ರೆ ಜಿಎಂಐ. ಇಂಪೀಡೆನ್ಸ್ ಅಂದ್ರೆ ಎಸಿ ಕರೆಂಟಿಗೆ ತಂತಿ ಒಡ್ಡೋ ಅಡ್ಡಿ. 2007ರಲ್ಲಿ ನೊಬೆಲ್ ಬಂದ ಜಿಎಂಆರ್ (ಜೈಂಟ್ ಮ್ಯಾಗ್ನೆಟೋ ರೆಸಿಸ್ಟೆನ್ಸ್) ಬೇರೆ, ಕನ್‌ಫ್ಯೂಸ್ ಆಗ್ಬೇಡಿ.

ಎಸಿ ಕರೆಂಟಿನ ಫ್ರೀಕ್ವೆನ್ಸಿ ಏರಿದ ಹಾಗೆ ಅದು ತಂತಿಯ ನಡು ಬಿಟ್ಟು ಹೊರಮೈಗೆ ಬರುತ್ತೆ, ಸ್ಕಿನ್ ಎಫೆಕ್ಟ್. ಸಿಟಿ ಬಸ್ಸಲ್ಲಿ ಮುಂದಿನ ಸ್ಟಾಪಿಗೇ ಇಳಿಯೋರು ಒಳಗೆ ಹೋಗ್ತಾರಾ? ಎಲ್ಲಾ ಬಾಗಿಲಲ್ಲೇ, ಒಳಗೆ ಸೀಟು ಖಾಲಿ, ಬಾಗಿಲಲ್ಲಿ ನೂಕುನುಗ್ಗಲು. ಆ ನೂಕುನುಗ್ಗಲೇ ಇಂಪೀಡೆನ್ಸ್ ಅನ್ಕೊಳ್ಳಿ. ಈಗ ಕಂಡಕ್ಟರ್ (ತಂತಿ ಅಲ್ಲ, ಟಿಕೆಟ್ ಕೊಡೋರು) "ಒಳಗ್ ಹೋಗ್ರೀ" ಅಂತ ಗದರಿದ್ರೆ ಜನ ಹರಡ್ಕೊಳ್ತಾರೆ, ದಾರಿ ಸಲೀಸು. ಹೊರಗಿನ ಕಾಂತಕ್ಷೇತ್ರ ಮಾಡೋದು ಆ ಗದರೋ ಕೆಲಸ, ಯಾಕಂದ್ರೆ ಕರೆಂಟು ಎಷ್ಟು ಆಳಕ್ಕೆ ಇಳಿಯುತ್ತೆ ಅನ್ನೋದು ತಂತಿಯ ಪರ್ಮಿಯಬಿಲಿಟಿ (ಅದು ಎಷ್ಟು ಸುಲಭಕ್ಕೆ ಕಾಂತೀಯವಾಗುತ್ತೆ ಅನ್ನೋ ಅಳತೆ) ಮೇಲೂ ನಿಂತಿದೆ, ಅದನ್ನ ಹೊರಗಿನ ಕ್ಷೇತ್ರ ಬದಲಿಸುತ್ತೆ. ಲೆಕ್ಕ ಹಾಕಿ ನೋಡಿ: 30 ಮೈಕ್ರಾನ್ ದಪ್ಪದ ತಂತಿ, 1 ಮೆಗಾಹರ್ಟ್ಸ್, ಪರ್ಮಿಯಬಿಲಿಟಿ 10,000 ಇದ್ರೆ ಕರೆಂಟು ಇಳಿಯೋದು 5-6 ಮೈಕ್ರಾನ್ ಮಾತ್ರ. ಅದೇ 100ಕ್ಕೆ ಬಿದ್ರೆ ಇಡೀ ತಂತಿ ಅದರದ್ದೇ.

ಪರ್ಮಿಯಬಿಲಿಟಿ ಅಷ್ಟು ಸುಲಭಕ್ಕೆ ಬದಲಾಗೋದು ಹೇಗೆ? ತಂತಿಯ ಹೊರಪದರದಲ್ಲಿ ಕಾಂತೀಯ ವಲಯಗಳು (ಒಳಗಿನ ಕಾಂತತ್ವವೆಲ್ಲ ಒಂದೇ ದಿಕ್ಕಿಗಿರೋ ಪುಟ್ಟ ಜಾಗಗಳು) ಕೈತುಂಬ ತೊಟ್ಟ ಬಳೆಗಳ ಹಾಗೆ ಸುತ್ತಿಕೊಂಡಿರುತ್ತೆ, ಒಂದು ಬಳೆ ಎಡಕ್ಕೆ ಸುತ್ತಿದ್ರೆ ಪಕ್ಕದ್ದು ಬಲಕ್ಕೆ. ತಂತಿಯ ಉದ್ದಕ್ಕೆ ಬರೋ ಕ್ಷೇತ್ರ ಇವನ್ನ ಓರೆ ಮಾಡುತ್ತೆ, ಆಗ ಪರ್ಮಿಯಬಿಲಿಟಿ ಬದಲಾಗುತ್ತೆ. ಲೋಹ ಸ್ಫಟಿಕ ಆಗಿದ್ರೆ ಒಳಗಿನ ಸಾಲುಗಳು ಅಷ್ಟು ಸುಲಭಕ್ಕೆ ಓರೆಯಾಗೋಕೆ ಬಿಡ್ತಿರಲಿಲ್ಲ. ಅದಕ್ಕೇ ಅಮಾರ್ಫಸ್, ಅಂದ್ರೆ ಒಳಗೆ ಸಾಲೇ ಇಲ್ಲದ ಲೋಹ ಬೇಕು: ಕರಗಿದ ಕೋಬಾಲ್ಟ್, ಕಬ್ಬಿಣ, ಸಿಲಿಕಾನ್, ಬೋರಾನ್ ಮಿಶ್ರಣಾನ ಗಿರಗಿರ ತಿರುಗೋ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡ ನೀರಿಗೆ ಜಿಲೇಬಿ ಹಿಟ್ಟು ಬಿಟ್ಟ ಹಾಗೆ ಚಿಮ್ಮಿಸ್ತಾರೆ, ಪರಮಾಣುಗಳಿಗೆ ಸಾಲು ಕಟ್ಟೋಕೆ ಟೈಮೇ ಸಿಗಲ್ಲ. ಇಂಥ ಗಾಜಿನಂಥ ಲೋಹ ಮೊದಲು ಸಿಕ್ಕಿದ್ದು 1960ರಲ್ಲಿ, ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ಪೋಲ್ ಡುವೆಜ್ ತಂಡಕ್ಕೆ, ಅದೂ ಚಿನ್ನ-ಸಿಲಿಕಾನ್‌ನಲ್ಲಿ!

ತಮಾಷೆ ಅಂದ್ರೆ 1935ರಲ್ಲೇ ಹ್ಯಾರಿಸನ್ ಅನ್ನೋ ವಿಜ್ಞಾನಿ ಮತ್ತು ಜೊತೆಗಾರರು ನಿಕಲ್-ಕಬ್ಬಿಣದ ತಂತಿಯಲ್ಲಿ ಈ ಇಂಪೀಡೆನ್ಸ್ ಬದಲಾವಣೇನ ನೋಡಿ ನೇಚರ್ ಪತ್ರಿಕೆಗೆ ಬರೆದಿದ್ರು. ಜಪಾನಿನ ನಗೋಯಾದಲ್ಲಿ ಮೊಹ್ರಿ, ಪನೀನಾ ಅನ್ನೋ ವಿಜ್ಞಾನಿಗಳು 1994ರಲ್ಲಿ ಅಮಾರ್ಫಸ್ ತಂತಿ ಹಿಡ್ಕೊಂಡು ಬರೋವರೆಗೂ ಹೆಚ್ಚು ಕಮ್ಮಿ ಅರವತ್ತು ವರ್ಷ ಅದು ಮೂಲೆಯಲ್ಲಿತ್ತು.

ಬಸ್ಸಿನ ಹೋಲಿಕೆ ಒಂದು ಕಡೆ ಕೈಕೊಡುತ್ತೆ. ಎಷ್ಟೋ ತಂತಿಗಳಲ್ಲಿ ಕ್ಷೇತ್ರ ಏರ್ತಾ ಹೋದ ಹಾಗೆ ಇಂಪೀಡೆನ್ಸ್ ಮೊದಲು ಏರಿ, ಶಿಖರ ಮುಟ್ಟಿ, ಆಮೇಲೆ ಇಳಿಯುತ್ತೆ, ಉತ್ತರ ಆದ್ರೂ ಅಷ್ಟೇ, ದಕ್ಷಿಣ ಆದ್ರೂ ಅಷ್ಟೇ. ಹಂಗಾದ್ರೆ ದಿಕ್ಕು ಗೊತ್ತಾಗೋದು ಹೇಗೆ? ಸುತ್ತ ಒಂದು ಸುರುಳಿ ಹಾಕಿ ಚೂರು ಡಿಸಿ ಕೊಟ್ಟು ತಂತೀನ ಮೊದಲೇ ಇಳಿಜಾರಿನ ಮೇಲೆ ನಿಲ್ಲಿಸಿಡ್ತಾರೆ, ಆಗ ಒಂದು ದಿಕ್ಕಿನದು ಬಂದ್ರೆ ಏರು, ಎದುರಿನದು ಬಂದ್ರೆ ಇಳಿವು.