ನಮ್ಮಂಥವರನ್ನು ದೊಡ್ಡ ಲೈಬ್ರರಿಗಳ ಒಳಗೆ ಬಿಡ್ತಾರಾ?

ಪ್ರಶ್ನೆ: ಬೆಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಹಿಂದೆ ಇಲ್ಲಿನ ಜನ ಕೆರೆಗಳನ್ನು ಹೇಗೆ ನೋಡಿಕೊಳ್ಳುತ್ತಿದ್ದರು ಅನ್ನೋದರ ಮೇಲೆ ಪ್ರಾಜೆಕ್ಟ್ ಬರೆಯಬೇಕು. ನಮ್ಮ ಲೈಬ್ರರಿಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಜಾಸ್ತಿ ಏನೂ ಇಲ್ಲ. ದೊಡ್ಡ ಸಂಸ್ಥೆಗಳ ಲೈಬ್ರರಿಗೆ ಹೊರಗಿನವರನ್ನು ಬಿಡ್ತಾರಾ? ಎಲ್ಲಿಗೆ ಹೋಗಲಿ?

ಉತ್ತರ: ಬಹಳಷ್ಟು ಕಡೆ ಬಿಡ್ತಾರೆ. ಆದರೆ ಬರಿಗೈಯಲ್ಲಿ ಹೋಗಬೇಡಿ. ಓದುವ ಕಾಲದಲ್ಲಿ ನಾನು ಹಾಗೆ ಹೋಗಿದ್ದೆ. ಎರಡು ಬಸ್ ಬದಲಿಸಿ ಒಂದು ಸಂಸ್ಥೆಯ ಗೇಟಿನವರೆಗೆ ಹೋದೆ, ಪತ್ರ ಇಲ್ಲ ಅಂತ ಅಲ್ಲಿಂದಲೇ ವಾಪಸ್ ಕಳಿಸಿದರು. ಮುಂದಿನ ವಾರ ವಿಭಾಗದ ಮುಖ್ಯಸ್ಥರ ಪತ್ರ ತಂದೆ. ಅದೇ ಗೇಟಿನಲ್ಲಿ ಹೆಸರು ಬರೆಸಿಕೊಂಡು ಐದು ನಿಮಿಷಕ್ಕೆ ಒಳಗೆ ಬಿಟ್ಟರು.

ಪತ್ರ ಕಾಲೇಜಿನ ಲೆಟರ್‌ಹೆಡ್‌ನಲ್ಲಿರಲಿ. ಸಹಿ, ಸೀಲು ಇರಲಿ. ‘ಸಂಶೋಧನೆಗಾಗಿ ಪುಸ್ತಕ ನೋಡಬೇಕು’ ಅಂತ ಸುಮ್ನೆ ಬರೆಸಿದರೆ ಯಾರಿಗೂ ಉಪಯೋಗವಿಲ್ಲ. ನಿಮ್ಮ ವಿಷಯ ಬೇಗೂರಿನ ಕೆರೆಗಳು ಅಂತಿಟ್ಟುಕೊಳ್ಳಿ, ‘ಬೇಗೂರು ಸುತ್ತಿನ ಕೆರೆಗಳ ನಿರ್ವಹಣೆ, 1900ರಿಂದ ಈಚೆಗೆ’ ಅಂತ ಬರೆಸಿ. ಆಗ ಲೈಬ್ರರಿಯನ್ ನಿಮ್ಮ ಪತ್ರ ಓದುತ್ತಲೇ ಯಾವ ಕಪಾಟು ಅಂತ ಯೋಚಿಸಲು ಶುರು ಮಾಡುತ್ತಾರೆ. ಹಿಂದಿನ ದಿನ ಫೋನ್ ಮಾಡಿ. ಕೆಲವು ಕಡೆ ದಿನದ ಲೆಕ್ಕದಲ್ಲಿ ಶುಲ್ಕ ಇರುತ್ತದೆ. ಹೊರಗಿನವರಿಗೆ ಸಾಮಾನ್ಯವಾಗಿ ಪುಸ್ತಕ ಮನೆಗೆ ಕೊಡುವುದಿಲ್ಲ. ಅಲ್ಲೇ ಕೂತು ಓದಬೇಕು, ಬೇಕಾದ ಪುಟ ಜೆರಾಕ್ಸ್ ಮಾಡಿಸಬೇಕು.

ಈಗ ಎಲ್ಲಿಗೆ ಅನ್ನುವ ಮಾತು. ‘ದೊಡ್ಡ ಲೈಬ್ರರಿ ಯಾವುದು’ ಅಂತ ಹುಡುಕಬೇಡಿ. ಒಂದು ಸಂಸ್ಥೆಯವರು ಐವತ್ತು ವರ್ಷ ಯಾವುದರ ಮೇಲೆ ಕೆಲಸ ಮಾಡಿದರೋ ಅಂಥ ಪುಸ್ತಕಗಳೇ ಅಲ್ಲಿ ಜಾಸ್ತಿ ಸೇರಿರುತ್ತವೆ. ನಿಮಗೆ ಬೇಕಾದ್ದನ್ನು ಮೊದಲು ಬಿಡಿಸಿ ನೋಡಿಕೊಳ್ಳಿ. ಕೆರೆ ಕಟ್ಟಿಸಿದವರು ಯಾರು ಅನ್ನೋದಕ್ಕೆ ಶಾಸನ ಬೇಕು. ಎಷ್ಟು ಜಮೀನಿಗೆ ನೀರು ಹರಿಯುತ್ತಿತ್ತು ಅನ್ನೋದಕ್ಕೆ ಸರ್ಕಾರಿ ವರದಿ ಬೇಕು. ಯಾರು ಒತ್ತುವರಿ ಮಾಡಿದರು ಅನ್ನೋದಕ್ಕೆ ಕೋರ್ಟ್ ತೀರ್ಪು ಬೇಕು. ಇವು ಮೂರೂ ಒಂದೇ ಸೂರಿನಡಿ ಸಿಗುವುದಿಲ್ಲ.

ಶಾಸನಕ್ಕೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ಹೋಗಿ. 1909ರಲ್ಲಿ ಶುರುವಾದ ಸಂಸ್ಥೆ. ಇತಿಹಾಸ, ಶಾಸನ, ಹಳೆಯ ಪತ್ರಿಕೆಗಳು ಇಲ್ಲಿನ ಬಲ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂದದ್ದು. ಅದರ ಪುಟ ತಿರುವುತ್ತಾ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಅನ್ನುವ ಪದಗಳಿಗೆ ಕಣ್ಣಿಡಿ. ಕೆರೆ ಕಟ್ಟಿಸಿದವರಿಗೆ, ಅದನ್ನು ದುರಸ್ತಿಯಲ್ಲಿಟ್ಟವರಿಗೆ ಬಿಟ್ಟುಕೊಟ್ಟ ಜಮೀನು ಅದು. ಊರಿನವರು ಕೆರೆಯನ್ನು ಯಾಕೆ ನೋಡಿಕೊಳ್ಳುತ್ತಿದ್ದರು ಅನ್ನುವ ನಿಮ್ಮ ಪ್ರಶ್ನೆಗೆ ಒಂದು ಉತ್ತರ ಅಲ್ಲೇ, ಕಲ್ಲಿನ ಮೇಲೇ ಇದೆ.

ವರದಿಗಳಿಗೆ ನಾಗರಭಾವಿಯ ಐಸೆಕ್, ಅಂದರೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಂಸ್ಥೆ, ಲೈಬ್ರರಿಗೂ ಅವರದೇ ಹೆಸರು. ಅಲ್ಲಿನವರ ಕೆಲಸವೇ ಅರ್ಥಶಾಸ್ತ್ರ, ಕೃಷಿ, ಪಂಚಾಯಿತಿ, ಜನಸಂಖ್ಯೆ. ಹಾಗಾಗಿ ಅಂಗಡಿಯಲ್ಲಿ ಎಂದೂ ಸಿಗದ ಸರ್ಕಾರಿ ವರದಿಗಳನ್ನು ಇಂಥ ಕಡೆ ಕೇಳಬೇಕು. ಕೆರೆಗಳ ಬಗ್ಗೆ 1980ರ ದಶಕದಲ್ಲಿ ಲಕ್ಷ್ಮಣ ರಾವ್ ಸಮಿತಿ ಕೊಟ್ಟ ವರದಿಯನ್ನು ಮರೆಯದೆ ಕೇಳಿ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಪಕ್ಕದಲ್ಲೇ ಇದೆ, ಅಲ್ಲಿ ಪಿಎಚ್‌ಡಿ ಪ್ರಬಂಧಗಳನ್ನು ನೋಡಿ. ಕೋರ್ಟ್ ವಿಷಯಕ್ಕೆ ಲಾ ಸ್ಕೂಲ್ ಕೂಡ ನಾಗರಭಾವಿಯಲ್ಲೇ. ಮೂರಕ್ಕೂ ಪತ್ರ ಸಿದ್ಧ ಮಾಡಿಕೊಂಡರೆ ಆ ದಿಕ್ಕಿನ ಓಡಾಟ ಎರಡು ದಿನದಲ್ಲಿ ಮುಗಿಯುತ್ತದೆ.

ಇಲ್ಲಿ ಒಂದು ಪುಸ್ತಕದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಜಿಲ್ಲಾ ಜನಗಣತಿ ಕೈಪಿಡಿ. ಹೆಸರು ಕೇಳಿದರೇ ಯಾರೂ ಮುಟ್ಟುವುದಿಲ್ಲ. 1971ರದ್ದನ್ನೋ 1981ರದ್ದನ್ನೋ ತೆರೆಯಿರಿ. ದಪ್ಪ ಪುಸ್ತಕ, ಪುಟದ ಅಂಚು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಒಳಗೆ ಸಾಲು ಸಾಲು ಹಳ್ಳಿಗಳ ಹೆಸರು. ಇವತ್ತು ಅಪಾರ್ಟ್‌ಮೆಂಟ್ ತುಂಬಿರುವ ಎಷ್ಟೋ ಬಡಾವಣೆಗಳು ಅಲ್ಲಿ ಬರೀ ಹಳ್ಳಿಗಳು. ಹೆಸರಿನ ಮುಂದೆ ಎಷ್ಟು ಜಮೀನು, ಎಷ್ಟು ನೀರಾವರಿ, ನೀರು ಕೆರೆಯದಾ ಬಾವಿಯದಾ ಅಂತ ಸಂಕೇತಾಕ್ಷರಗಳಲ್ಲಿ ಕೊಟ್ಟಿರುತ್ತಾರೆ. ಹತ್ತು ವರ್ಷದ ನಂತರದ ಸಂಪುಟವನ್ನು ಪಕ್ಕಕ್ಕಿಟ್ಟು ಅದೇ ಹಳ್ಳಿಯ ಸಾಲಿನ ಮೇಲೆ ಬೆರಳಿಡಿ. ಕೆರೆ ನೀರಿನ ಲೆಕ್ಕ ಕಡಿಮೆಯಾಗಿದ್ದರೆ ನಿಮ್ಮ ಪ್ರಾಜೆಕ್ಟಿಗೆ ಒಂದು ಅಧ್ಯಾಯ ಅಲ್ಲೇ ಸಿಕ್ಕಿತು. ಹಳೆಯ ಕೈಪಿಡಿಗಳಲ್ಲಿ ಹಲವು ಈಗ ಜನಗಣತಿ ಇಲಾಖೆಯ ಜಾಲತಾಣದಲ್ಲೂ ಇವೆ. ಆದರೂ ಎರಡು ಸಂಪುಟ ಅಕ್ಕಪಕ್ಕ ಬಿಚ್ಚಿಟ್ಟು ನೋಡುವ ಅನುಕೂಲ ಮೊಬೈಲಿನಲ್ಲಿ ಬರುವುದಿಲ್ಲ.

ಪತ್ರದ ರಗಳೆ ಬೇಡ ಅಂದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ರಾಜ್ಯ ಕೇಂದ್ರ ಗ್ರಂಥಾಲಯ. ಅದು ಎಲ್ಲರದು. ಬಸವನಗುಡಿ ಕಡೆಯವರಾದರೆ ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ, ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆ ಇದೆ. ಎರಡೂ 1945ರಲ್ಲಿ ಶುರುವಾದವು. ಕನ್ನಡ ಪುಸ್ತಕಗಳಿಗೆ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು.

ಇಷ್ಟು ಓಡಾಡಿಯೂ ಎಷ್ಟೋ ಮಂದಿ ‘ಏನೂ ಸಿಗಲಿಲ್ಲ’ ಅಂತ ಬರುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ, ಯಾಕೆಂದರೆ ಪುಸ್ತಕ ಅಲ್ಲೇ ಇರುತ್ತದೆ. ಹುಡುಕಿದ ಪದ ಬೇರೆ, ಅಷ್ಟೇ. ಕಂಪ್ಯೂಟರಿನಲ್ಲಿ ‘ಲೇಕ್’ ಅಂತ ಹಾಕಿದರೆ ಈಚಿನ ಪರಿಸರದ ಪುಸ್ತಕಗಳು ಬರುತ್ತವೆ. ಹಳೆಯ ಇಂಗ್ಲಿಷ್ ವರದಿಗಳಲ್ಲಿ ನಮ್ಮ ಕೆರೆಗೆ ‘ಟ್ಯಾಂಕ್’ ಅಂತಲೇ ಹೆಸರು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಹಿಂದಿನ ವರದಿ ಬೇಕಾದರೆ ‘ಮೈಸೂರು’ ಅಂತ ಹುಡುಕಬೇಕು. ಬೆಂಗಳೂರಿಗೂ ‘ಬ್ಯಾಂಗಲೋರ್’ ಅನ್ನುವ ಹಳೆಯ ಕಾಗುಣಿತ ಹಾಕಿ ನೋಡಿ. ಇನ್ನು ಕನ್ನಡ ಪುಸ್ತಕಗಳು. ಎಷ್ಟೋ ಕಡೆ ಅವುಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿರುತ್ತಾರೆ. ಕೆರೆ, ತೂಬು, ಕೋಡಿ, ಏರಿ, ನೀರಗಂಟಿ ಎಲ್ಲವನ್ನೂ ಎರಡೂ ಲಿಪಿಯಲ್ಲಿ ಹಾಕಿ. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರಗಂಟಿಯೇ ನಿಮ್ಮ ಪ್ರಾಜೆಕ್ಟಿನ ಮುಖ್ಯ ಮನುಷ್ಯ, ಅಲ್ವಾ?

ಕಪಾಟಿನಲ್ಲೂ ಹೀಗೇ. ಪುಸ್ತಕಗಳನ್ನು ವಿಷಯವಾರು ಅಂಕಿ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿ ಇರುವ ಲೈಬ್ರರಿಯಲ್ಲಿ ಸಮಾಜವಿಜ್ಞಾನಗಳೆಲ್ಲ 300ರಲ್ಲಿ ಬರುತ್ತವೆ. ಊರು, ನಗರ, ಸಮುದಾಯ 307. ನೀರನ್ನು ಸಂಪತ್ತಾಗಿ ನೋಡುವ ಪುಸ್ತಕಗಳು 333ರಲ್ಲಿ. ಅಣೆಕಟ್ಟು, ಕಾಲುವೆ 627ರಲ್ಲಿ. ಕರ್ನಾಟಕದ ಇತಿಹಾಸ 954.87, ಕನ್ನಡ ಸಾಹಿತ್ಯ 894.814. ಕೆರೆಯ ಮೇಲಿನ ಪುಸ್ತಕ ಇವುಗಳಲ್ಲಿ ಎಲ್ಲಿ ಬೇಕಾದರೂ ಕೂತಿರಬಹುದು.

ಇದಕ್ಕೆ ದಾರಿ ತೋರಿಸಿದವರು ನಮ್ಮೂರಿನಲ್ಲೇ ಇದ್ದರು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1962ರಲ್ಲಿ ಇಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಡಿಆರ್‌ಟಿಸಿ ಶುರು ಮಾಡಿದರು, 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. 1933ರಲ್ಲಿ ಅವರು ಕೊಟ್ಟ ಕೋಲನ್ ವರ್ಗೀಕರಣದಲ್ಲಿ ವಿಷಯವನ್ನು ತುಂಡು ತುಂಡಾಗಿ ಬಿಡಿಸುತ್ತಾರೆ. ಯಾವ ವಸ್ತು, ಏನು ಕೆಲಸ, ಎಲ್ಲಿ, ಯಾವಾಗ. ನೀವೂ ಹಾಗೇ ಮಾಡಿ. ವಸ್ತು ಕೆರೆ. ಕೆಲಸ ಹೂಳೆತ್ತುವುದು, ನೀರು ಹಂಚುವುದು. ಜಾಗ ಬೇಗೂರು. ಕಾಲ 1900ರಿಂದ ಈಚೆಗೆ. ಒಂದು ಕಾಗದದ ಮೇಲೆ ನಾಲ್ಕು ಕಾಲಂ ಎಳೆದು, ಪ್ರತಿಯೊಂದರ ಕೆಳಗೆ ಹೊಳೆದ ಪದಗಳನ್ನೆಲ್ಲ ಬರೆಯಿರಿ. ಆ ಕಾಗದವನ್ನು ಲೈಬ್ರರಿಯನ್‌ಗೆ ತೋರಿಸಿ. ಎಷ್ಟೋ ವರ್ಷದಿಂದ ಅದೇ ಕಪಾಟುಗಳ ನಡುವೆ ಇರುವವರು ಅವರು, ಕಂಪ್ಯೂಟರ್ ಹೇಳದ್ದನ್ನು ಹೇಳುತ್ತಾರೆ.

ಹೊರಡುವ ಮುಂಚೆ ಮನೆಯಲ್ಲೇ ಎರಡು ಕೆಲಸ ಮುಗಿಸಿಕೊಳ್ಳಿ. ಒಂದು, ನಿಮ್ಮದು ಸರ್ಕಾರಿ ಕಾಲೇಜು. 2025ರ ಜನವರಿಯಿಂದ ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಕಾಲೇಜುಗಳಿಗೆ ತೆರೆದಿವೆ. ನಿಮ್ಮ ಕಾಲೇಜು ನೋಂದಾಯಿಸಿಕೊಂಡಿದೆಯಾ ಅಂತ ಲೈಬ್ರರಿಯಲ್ಲಿ ವಿಚಾರಿಸಿ. ಎರಡು, ಶೋಧಗಂಗಾ ಅನ್ನುವ ಜಾಲತಾಣ. ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಅಲ್ಲಿ ದುಡ್ಡಿಲ್ಲದೆ ಓದಬಹುದು. ಕರ್ನಾಟಕದ ಕೆರೆಗಳ ಮೇಲಿನ ಒಂದು ಪ್ರಬಂಧ ಇಳಿಸಿಕೊಂಡು ಮೊದಲು ಕೊನೆಯ ಪುಟಗಳಿಗೆ ಹೋಗಿ. ಅವರು ನಾಲ್ಕೈದು ವರ್ಷ ಅಲೆದು ಸೇರಿಸಿದ ಪುಸ್ತಕಗಳ ಪಟ್ಟಿ ಅಲ್ಲಿರುತ್ತದೆ. ನಿಮಗೆ ಬೇಕಾದ ಹತ್ತು ಹೆಸರು ಬರೆದುಕೊಂಡು, ಪತ್ರದ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಂಡು ನಾಗರಭಾವಿ ಬಸ್ ಹತ್ತಿ.